ಮೋರ್ಸ್ ಕೀಗೆ ಮನೆಯಲ್ಲೇ ಮಾಡಿದ ಯುಎಸ್‌ಬಿ ಅಡಾಪ್ಟರ್: ಮೂರು ಮಳೆಗಾಲದ ನಂತರ

ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಕಾಳಿ ನದಿ ಸಮುದ್ರ ಸೇರುವ ಜಾಗ ಹತ್ತಿರವೇ ಇರುವುದರಿಂದ ಕಿಟಕಿ ಮುಚ್ಚಿದರೂ ಉಪ್ಪುಗಾಳಿ ಒಳಗೆ ಬರುತ್ತದೆ. ಈ ಗಾಳಿಯಲ್ಲಿ ಮೂರು ಮಳೆಗಾಲ ಕಳೆದ ಅಡಾಪ್ಟರ್ ಇದು. ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಕಳಿಸಲು ಒತ್ತುವ ಹಿತ್ತಾಳೆಯ ಕೀ ಮಾತ್ರ ದೊಡ್ಡಪ್ಪನದು. ಹಡಗಿನಲ್ಲಿ ರೇಡಿಯೊ ಅಧಿಕಾರಿಯಾಗಿದ್ದವರು ಅವರು. 1999ರ ಫೆಬ್ರವರಿಯಲ್ಲಿ ಹಡಗುಗಳ ಅಪಾಯ ಸಂದೇಶಕ್ಕೆ ಉಪಗ್ರಹ ಮತ್ತು ಡಿಜಿಟಲ್ ವ್ಯವಸ್ಥೆ ಪೂರ್ತಿಯಾಗಿ ಜಾರಿಗೆ ಬಂದ ಮೇಲೆ ಕೀ ಟ್ರಂಕಿನ ತಳ ಸೇರಿತ್ತು. ಅದನ್ನು ಕಂಪ್ಯೂಟರಿಗೆ ಜೋಡಿಸಿ ಅವರಿಂದಲೇ ಮೋರ್ಸ್ ಕಲಿಯಬೇಕೆಂಬುದು ನನ್ನ ಆಸೆ.

ಮೊದಲು ಹಳೆಯ ಮೌಸ್ ಬಿಚ್ಚಿ, ಎಡ ಗುಂಡಿಯ ಸ್ವಿಚ್ಚಿನಲ್ಲಿ ಒತ್ತಿದಾಗ ಕೂಡುವ ಎರಡು ಕಾಲುಗಳಿಗೆ ಕೀಯ ತಂತಿ ಬೆಸೆದೆ. ಖರ್ಚಿಲ್ಲದ ಉಪಾಯ, ಕೆಲಸವನ್ನೂ ಮಾಡಿತು. ಆದರೆ ಮೇಜು ಸ್ವಲ್ಪ ಅಲುಗಿದರೂ ಪರದೆಯ ಬಾಣ ಸರಿದು, ಮುಂದಿನ ಅಕ್ಷರ ಬೇರೆಲ್ಲೋ ಕ್ಲಿಕ್ ಆಗುತ್ತಿತ್ತು. ಎರಡು ತಿಂಗಳಲ್ಲಿ ಅದನ್ನು ಬಿಟ್ಟೆ.

ಈಗಿನದರಲ್ಲಿ ಎಟಿಮೆಗಾ32ಯು4 ಚಿಪ್ ಇರುವ ಪುಟ್ಟ ಬೋರ್ಡ್ ಇದೆ. ಈ ಚಿಪ್ ಕಂಪ್ಯೂಟರಿಗೆ ತಾನೇ ಕೀಬೋರ್ಡ್ ಎಂದು ಪರಿಚಯಿಸಿಕೊಳ್ಳಬಲ್ಲದು. ಕೀ ಒತ್ತಿದರೆ ಕೀಬೋರ್ಡಿನ ಕಂಟ್ರೋಲ್ ಗುಂಡಿ ಒತ್ತಿದಂತೆ, ಬ್ರೌಸರಿನಲ್ಲಿ ತೆರೆದ ಮೋರ್ಸ್ ಅಭ್ಯಾಸದ ಪುಟ ಅದನ್ನು ಓದುತ್ತದೆ. ಆರ್ಡುಯಿನೊ ಊನೊ ಬೋರ್ಡಿನ ಹಳೆಯ ಮಾದರಿಗಳ (ಆರ್3 ವರೆಗಿನ) ಮುಖ್ಯ ಚಿಪ್‌ಗೆ ಆ ಸಾಮರ್ಥ್ಯವಿಲ್ಲ. ಕೀಯ ಒಂದು ತಂತಿ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ಚಿಪ್ಪಿನ ಒಳಗಿನ ಪುಲ್-ಅಪ್ (ಕೀ ಒತ್ತದಿರುವಾಗ ಪಿನ್ನನ್ನು ಮೇಲಿನ ವೋಲ್ಟೇಜಿನಲ್ಲಿ ಹಿಡಿದಿಡುವ ರೆಸಿಸ್ಟರ್) ಬಳಸಿದರೆ ಬೇರೆ ರೆಸಿಸ್ಟರ್ ಬೇಡ. ಲೋಹಕ್ಕೆ ಲೋಹ ತಾಗುವಾಗ ಕ್ಷಣಕಾಲ ಪುಟಿಯುವುದರಿಂದ ಒಂದೇ ಒತ್ತು ಹಲವಾಗಿ ದಾಖಲಾಗುತ್ತದೆ. ಪ್ರೋಗ್ರಾಮಿನಲ್ಲಿ 5 ಮಿಲಿಸೆಕೆಂಡ್ ಕಾಯಿಸಿದ ಮೇಲೆ ಆ ತೊಂದರೆ ನಿಂತಿತು.

ಇಷ್ಟಾದರೂ ದೊಡ್ಡಪ್ಪನಿಗೆ ಒಗ್ಗಲಿಲ್ಲ. ಅವರ ಕೈ ಎಡವುವುದನ್ನು ನಾನು ಅಂದೇ ನೋಡಿದ್ದು. "ತಮ್ಮಾ, ನನ್ನ ಕೈ ಮುಂದೆ ಹೋಗಿದೆ, ಶಬ್ದ ಹಿಂದಿನಿಂದ ಬರುತ್ತಿದೆ" ಎಂದರು. ಮಾತು ಅಕ್ಷರಶಃ ಸರಿ. ನಿಮಿಷಕ್ಕೆ 20 ಪದಗಳ ವೇಗದಲ್ಲಿ ಒಂದು ಡಿಟ್ (ಮೋರ್ಸ್‌ನ ಚುಕ್ಕೆ) ಇರುವುದೇ 60 ಮಿಲಿಸೆಕೆಂಡ್. ಒತ್ತಿದ್ದು ಯುಎಸ್‌ಬಿ ದಾಟಿ, ಬ್ರೌಸರ್ ದಾಟಿ ಸ್ಪೀಕರಿಗೆ ಬರುವಷ್ಟರಲ್ಲಿ ಆ ಡಿಟ್ ಮುಗಿದೇ ಹೋಗಿರಬಹುದು. ಬ್ಲೂಟೂತ್ ಹೆಡ್‌ಫೋನ್ ಹಾಕಿದರಂತೂ ಇನ್ನೂ ತಡ. ಹಾಗಾಗಿ ಬೋರ್ಡಿಗೇ ಒಂದು ಪೀಜೊ ಬಜರ್ ಬೆಸೆದು 600 ಹರ್ಟ್ಸ್ ಸ್ವರ ಕೊಟ್ಟೆ, ಕಂಪ್ಯೂಟರಿನ ಶಬ್ದ ಪೂರ್ತಿ ಆರಿಸಿದೆ. ಕೀ ತಾಗಿದ ಕೂಡಲೇ ಸ್ವರ. ದೊಡ್ಡಪ್ಪ ಅಂದು ಊಟದ ಹೊತ್ತು ಮೀರಿದರೂ ಏಳಲಿಲ್ಲ. ಇಡೀ ಅಡಾಪ್ಟರಿನಲ್ಲಿ ಅತಿ ಅಗ್ಗದ ಭಾಗ ಈ ಬಜರ್, ಅತಿ ಮುಖ್ಯವಾದದ್ದೂ ಅದೇ.

ಒಂದು ಎಚ್ಚರಿಕೆ. ಪ್ಯಾಡಲ್ ಕೀಗೂ (ಡಿಟ್‌ಗೊಂದು, ಡಾಗೊಂದು ಎಂದು ಎರಡು ಸ್ವಿಚ್ ಇರುವ ಕೀ; ಡಾ ಅಂದರೆ ಗೆರೆ) ಆಗಲಿ ಎಂದು ಸ್ಟೀರಿಯೊ ಜಾಕ್ ಹಾಕಿದ್ದೆ. ಸಾದಾ ಕೀಯ ಮೋನೊ ಪಿನ್ ಅದರೊಳಗೆ ಹೋದಾಗ ಡಾ ತಂತಿ ಗ್ರೌಂಡಿಗೆ ಸೇರಿ, ಕಂಟ್ರೋಲ್ ಗುಂಡಿ ಒತ್ತಿದ ಹಾಗೆಯೇ ಉಳಿಯಿತು. ಗೊತ್ತಿಲ್ಲದೆ ಡಬ್ಲ್ಯು ಒತ್ತಿದೆ, ತೆರೆದಿದ್ದ ಪುಟ ಮುಚ್ಚಿಹೋಯಿತು. ಈಗ ಬೋರ್ಡಿಗೆ ವಿದ್ಯುತ್ ಬಂದೊಡನೆ ಪ್ರೋಗ್ರಾಮ್ ಆ ತಂತಿಯನ್ನು ನೋಡುತ್ತದೆ. ಗ್ರೌಂಡಿಗೆ ತಾಗಿದ್ದರೆ ಸಾದಾ ಕೀ ಎಂದು ತಿಳಿದು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೂರು ವರ್ಷದಲ್ಲಿ ಬೋರ್ಡಿಗೆ ಏನೂ ಆಗಿಲ್ಲ. ಕೆಟ್ಟದ್ದು ಜಾಕ್, ಎರಡನೆಯ ಮಳೆಗಾಲದಲ್ಲೇ ತುಕ್ಕು ಹಿಡಿದು ಬದಲಿಸಬೇಕಾಯಿತು. ಕೀಯ ಹಿತ್ತಾಳೆಗೆ ಆಷಾಢ ಬಂದರೆ ಕಿಲುಬು ಕಟ್ಟುತ್ತದೆ, ಕಾಂಟ್ಯಾಕ್ಟುಗಳು ಕಪ್ಪಾಗಿ ಅಕ್ಷರ ತಪ್ಪುತ್ತವೆ. ನಾನು ಉಪ್ಪುಕಾಗದದಿಂದ ಉಜ್ಜಲು ಹೊರಟಾಗ ದೊಡ್ಡಪ್ಪ ತಡೆದರು. ಬಿಳಿ ಕಾಗದದ ಪಟ್ಟಿಯೊಂದನ್ನು ಕಾಂಟ್ಯಾಕ್ಟುಗಳ ನಡುವೆ ಇಟ್ಟು, ಕೀಯನ್ನು ಮೆಲ್ಲಗೆ ಒತ್ತಿ ಹಿಡಿದು ಎಳೆದರು. ಕಾಗದದ ಮೇಲೆ ಸಪೂರ ಕಪ್ಪು ಗೆರೆ ಬಂತು. ಗೆರೆ ಬಾರದಿರುವ ತನಕ ಎಳೆಯಬೇಕು, ಅಷ್ಟೇ.

ಹೊಸದಾಗಿ ಮಾಡುವವರು ಬಜರ್‌ಗೂ ಜಾಗವಿರುವ ಡಬ್ಬಿಯನ್ನೇ ಆರಿಸಿಕೊಳ್ಳಿ. ನನ್ನದು ಇನ್ನೂ ಹೊರಗಡೆ ಟೇಪಿನಲ್ಲಿ ಅಂಟಿಕೊಂಡಿದೆ.