ಹತ್ತಿರದ ಬೇಟೆಗೆ ಸ್ಕೋಪಾ, ಐರನ್ ಸೈಟಾ?

ಅಮೆರಿಕದ ಮೇನ್ ರಾಜ್ಯದ ದಟ್ಟ ಕಾಡಿನಲ್ಲಿ ಬಿಳಿಬಾಲದ ಜಿಂಕೆ ಕಾಣಿಸುವುದೇ ತೀರಾ ಹತ್ತಿರ ಬಂದಾಗ. ಅಷ್ಟಕ್ಕೆ ಸ್ಕೋಪ್, ಅಂದರೆ ಬಂದೂಕಿನ ಮೇಲೆ ಕೂರಿಸುವ ದುರ್ಬೀನು, ಯಾಕೆ? ದೊಡ್ಡದಾಗಿ ನೋಡುವುದಕ್ಕಿಂತ ಜಾಸ್ತಿ, ಬೆಳಕಿಗಾಗಿ.

ಅಲ್ಲಿ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಗುಂಡು ಹಾರಿಸಬಹುದು. ಆ ನಸುಕಿನಲ್ಲಿ ಐರನ್ ಸೈಟಿನ (ಬಂದೂಕಿನ ಮೇಲಿರುವ, ಗಾಜಿಲ್ಲದ ಲೋಹದ ಗುರಿಗುರುತು) ಕಪ್ಪು ಮೊನೆ ಜಿಂಕೆಯ ಕಂದು ಮೈಯಲ್ಲಿ ಕರಗಿಹೋಗುತ್ತದೆ. ಹಿಂದಿನ ಸೀಳು, ಮುಂದಿನ ಮೊನೆ, ಪ್ರಾಣಿ, ಮೂರನ್ನೂ ಕಣ್ಣು ಒಟ್ಟಿಗೆ ಹೊಂದಿಸಬೇಕು. ವಯಸ್ಸು ನಲವತ್ತೈದು ದಾಟಿದರೆ ಕಷ್ಟ ಅಲ್ವಾ? ಸ್ಕೋಪಿನಲ್ಲಿ ಗುರಿಗೆರೆ, ಜಿಂಕೆ ಎರಡೂ ಒಟ್ಟಿಗೆ ಸ್ಪಷ್ಟ. 1ರಿಂದ 4 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪನ್ನು 1ಕ್ಕೆ ಇಟ್ಟರೆ ಎರಡೂ ಕಣ್ಣು ತೆರೆದೇ ಗುರಿ ಹಿಡಿಯಬಹುದು. ಸುಮ್ನೆ 4ರಲ್ಲೇ ಬಿಟ್ಟರೆ ಎದುರಿನ ಜಿಂಕೆ ಬರೀ ಕೂದಲಾಗಿ ಕಾಣುತ್ತದೆ.

ಐರನ್ ಸೈಟ್ ಹಗುರ, ಅಗ್ಗ. ಮಳೆಯಲ್ಲಿ ಒರೆಸುವ ಗಾಜಿಲ್ಲ. ಹಳೆಯ ವಿಂಚೆಸ್ಟರ್ 94 ರೈಫಲ್ ಇದ್ದರೆ ಐರನ್ ಸೈಟೇ ಸರಿ. ಆ ರೈಫಲ್ಲಿನ ಖಾಲಿ ತೋಟಾ ಮೇಲಕ್ಕೆ ಹಾರುತ್ತದೆ, ಸ್ಕೋಪ್ ಅಡ್ಡ ಬರುತ್ತದೆ. ಮಾರ್ಲಿನ್ 336 ರೈಫಲ್ಲಿನಲ್ಲಿ ಪಕ್ಕಕ್ಕೆ ಹಾರುತ್ತದೆ, ಹಾಗಾಗಿ ಸ್ಕೋಪ್ ಅಡ್ಡ ಬರುವುದಿಲ್ಲ.

ನನ್ನ ಮಟ್ಟಿಗೆ ಸ್ಕೋಪೇ ಮೇಲು. ಗುರಿ ತಪ್ಪಿ ಗಾಯಗೊಂಡ ಪ್ರಾಣಿ ಪೊದೆಯಲ್ಲಿ ನರಳಬಾರದು. ಸ್ಕೋಪ್ ಬೇಡವೇ ಬೇಡ ಅಂದರೆ, ದುಂಡು ತೂತಿನ ಪೀಪ್ ಸೈಟ್ ಹಾಕಿಸಿಕೊಳ್ಳಿ.