50 ಹಲ್ಲಿನ ಕಾಂಬಿನೇಷನ್ ಬ್ಲೇಡ್: ಮೂರು ವರ್ಷ ಬಳಸಿದ ಮೇಲೆ

ಟೇಬಲ್ ಸಾ (ಮೇಜಿನ ನಡುವೆ ಬ್ಲೇಡು ತಿರುಗುವ ವಿದ್ಯುತ್ ಗರಗಸ) ತಗೊಂಡ ಹೊಸದರಲ್ಲಿ ಹಲ್ಲು ಜಾಸ್ತಿ ಇದ್ದಷ್ಟೂ ಬ್ಲೇಡು ಒಳ್ಳೆಯದು ಅಂದುಕೊಂಡಿದ್ದೆ. 80 ಹಲ್ಲಿನದು ಹಾಕಿ ಒಂದೂವರೆ ಇಂಚು ದಪ್ಪದ ಮತ್ತಿ ಹಲಗೆಯನ್ನು ಉದ್ದಕ್ಕೆ ಸೀಳಲು ಹೋದೆ. ಅರ್ಧ ಅಡಿ ಹೋಗುವಷ್ಟರಲ್ಲಿ ಸುಟ್ಟ ವಾಸನೆ ಬಂತು, ಮೋಟರಿನ ಸದ್ದು ಇಳಿಯಿತು, ಹಲಗೆಯ ಪಕ್ಕ ಪೂರ್ತಿ ಕಪ್ಪಾಯಿತು. ಉದ್ದಕ್ಕೆ ಸೀಳುವಾಗ ನಾರು ಉದ್ದುದ್ದ ಎಳೆಯಾಗಿ ಬರುತ್ತದೆ. ಅದು ಕೂರಲು ಹಲ್ಲುಗಳ ನಡುವೆ ಜಾಗ ಬೇಕು. 80 ಹಲ್ಲು ಒತ್ತೊತ್ತಾಗಿ ಕೂತ ಬ್ಲೇಡಿನಲ್ಲಿ ಆ ಜಾಗ ಎಲ್ಲಿರುತ್ತೆ?

ಸೀಳುವುದಕ್ಕೆ 24, ಅಡ್ಡ ಕೊಯ್ಯುವುದಕ್ಕೆ 60 ಅಥವಾ 80, ಹೀಗೆ ಎರಡು ಬ್ಲೇಡು ಇಟ್ಟುಕೊಳ್ಳಬಹುದು. ಆದರೆ ನನ್ನದು ಒಂದೇ ಮಷೀನು. ಒಂದು ಸ್ಟೂಲು ಮಾಡಬೇಕಾದರೂ ಸೀಳು, ಅಡ್ಡ, ಮತ್ತೆ ಸೀಳು. ಪ್ರತಿ ಸಲ ಪ್ಲಗ್ ಕಿತ್ತು, ನಟ್ ಬಿಚ್ಚಿ, ಬ್ಲೇಡು ಬದಲಿಸುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಅದಕ್ಕೇ ಎರಡೂ ಕೆಲಸಕ್ಕೆ ಆಗುವ 10 ಇಂಚಿನ, 50 ಹಲ್ಲಿನ ಕಾಂಬಿನೇಷನ್ ಬ್ಲೇಡ್ ತಂದೆ. ಈಗ ಮೂರು ವರ್ಷವಾಯಿತು.

ಅಂಗಡಿಯಲ್ಲಿ ಇದನ್ನು ಗುರುತಿಸುವುದು ಸುಲಭ. ಬ್ಲೇಡನ್ನು ಬೆಳಕಿಗೆ ಹಿಡಿದು ಹಲ್ಲುಗಳನ್ನು ಐದೈದರಂತೆ ಎಣಿಸಿ. ನಾಲ್ಕು ಹಲ್ಲಿನ ತುದಿ ಓರೆ: ಒಂದು ಎಡಕ್ಕೆ, ಒಂದು ಬಲಕ್ಕೆ, ಮತ್ತೆ ಎಡಕ್ಕೆ, ಬಲಕ್ಕೆ. ಐದನೆಯದು ಉಳಿಯಂತೆ ಚಪ್ಪಟೆ, ಓರೆ ಹಲ್ಲುಗಳಿಗಿಂತ ಕೂದಲೆಳೆಯಷ್ಟು ತಗ್ಗು. ಅದರ ಮುಂದೆ ಒಂದು ಆಳವಾದ ಸಂದು. ಓರೆ ಹಲ್ಲುಗಳು ಚಾಕುವಿನಂತೆ ನಾರನ್ನು ಕತ್ತರಿಸುತ್ತವೆ, ಚಪ್ಪಟೆ ಹಲ್ಲು ನಡುವೆ ಉಳಿದದ್ದನ್ನು ಕೆರೆದು ತೆಗೆಯುತ್ತದೆ, ಪುಡಿ ಆ ಸಂದಿನಿಂದ ಹೊರಗೆ ಹೋಗುತ್ತದೆ. ಹಲ್ಲುಗಳೆಲ್ಲ ಒಂದೇ ಅಂತರದಲ್ಲಿದ್ದು, ಎಲ್ಲ ಓರೆ ಇದ್ದು, ಡಬ್ಬಿಯ ಮೇಲೆ ಮಾತ್ರ ಕಾಂಬಿನೇಷನ್ ಅಂತ ಬರೆದಿದ್ದರೆ ಅದು ಸಾಮಾನ್ಯ ಬ್ಲೇಡು. ಅಂಥ 40 ಹಲ್ಲಿನದೂ ಕೆಟ್ಟದೇನಲ್ಲ, ಆದರೆ ಕೆಲಸ ಬೇರೆ.

ನಡುವಿನ ತೂತನ್ನು ಮರೆಯಬೇಡಿ. ನನ್ನ ಮಷೀನಿನ ಶಾಫ್ಟ್ 25.4 ಮಿ.ಮೀ. ಯುರೋಪಿನ ಬ್ಲೇಡುಗಳಲ್ಲಿ 30 ಮಿ.ಮೀ. ತೂತು ಇರುತ್ತದೆ, ಅಮೆರಿಕದ 10 ಇಂಚಿನವಕ್ಕೆ 5/8 ಇಂಚು. ದೊಡ್ಡ ತೂತಿಗೆ ಸರಿಯಾದ ರಿಂಗ್ ಹಾಕಬಹುದು, ಚಿಕ್ಕದಿದ್ದರೆ ಸುಮ್ನೆ ವಾಪಸ್ ಕೊಡಿ. ಬ್ಲೇಡಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಮಷೀನಿನದಕ್ಕಿಂತ ಜಾಸ್ತಿ ಇರಲೇಬೇಕು. ಸೀಳಿನ ದಪ್ಪವನ್ನೂ ನೋಡಿ. ನನ್ನದು 3.2 ಮಿ.ಮೀ. ಮೋಟರು ಚಿಕ್ಕದಾದರೆ 2.4ರದ್ದು ಹಗುರವಾಗಿ ಹೋಗುತ್ತದೆ. ಆದರೆ ಬ್ಲೇಡಿನ ಹಿಂದೆ ನಿಂತು ಸೀಳು ಮುಚ್ಚಿಕೊಳ್ಳದಂತೆ ತಡೆಯುವ ತಗಡು, ರೈವಿಂಗ್ ನೈಫ್, ಆ ಸೀಳಿಗಿಂತ ದಪ್ಪ ಇದ್ದರೆ ಹಲಗೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ನೈಫ್ ಬಿಚ್ಚಿಟ್ಟು ಕೆಲಸ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಹಲಗೆ ಹಿಂದಕ್ಕೆ ಎಗರಿದರೆ ಹೊಟ್ಟೆಗೇ ಬಡಿಯುತ್ತದೆ.

ಕೆಲಸ ಹೇಗಿದೆ? ಹಲಸು, ಸಿಲ್ವರ್ ಓಕ್, ಮುಕ್ಕಾಲು ಇಂಚಿನ ತೇಗ ಇವುಗಳಲ್ಲಿ ನನಗೆ ಪೂರ್ತಿ ಸಮಾಧಾನ. ಹೋದ ವರ್ಷ ಅಕ್ಕನ ಮನೆಗೆ ಹಲಸಿನ ಮರದ ದೇವರ ಮಂಟಪ ಮಾಡಿದೆ. ನಾಲ್ಕು ಮೂಲೆಯ 45 ಡಿಗ್ರಿ ಜೋಡಣೆಗೆ ಉಜ್ಜುಗಾಗದ ಹಾಕಲೇ ಇಲ್ಲ, ಬ್ಲೇಡಿನಿಂದ ಬಂದದ್ದನ್ನೇ ನೇರ ಅಂಟಿಸಿದೆ. ಅಡ್ಡ ಕೊಯ್ದ ತುದಿಯ ಮೇಲೆ ಬೆರಳು ಆಡಿಸಿದರೆ ಹೊಳಪು ಕಲ್ಲು ಮುಟ್ಟಿದ ಹಾಗಿತ್ತು. ಪ್ಲೈವುಡ್ಡಿನಲ್ಲಿ ಮಾತ್ರ ಕೆಳಗಿನ ಪದರ ಸ್ವಲ್ಪ ಕಿತ್ತು ಬರುತ್ತದೆ, ಹಲ್ಲು ಹೊರಬೀಳುವುದು ಆ ಕಡೆ ಅಲ್ವಾ. ಒಳ್ಳೆಯ ಮುಖ ಮೇಲೆ ಇಟ್ಟು, ಕೆಳಗೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಸಾಕು.

ಸನ್‌ಮೈಕಾ ಅಂಟಿಸಿದ ಬೋರ್ಡಿಗೆ ಇದು ಬೇಡ, ಅಂಚು ಚೂರುಚೂರಾಗಿ ಏಳುತ್ತದೆ. ಅದಕ್ಕೆ ಟ್ರಿಪಲ್ ಚಿಪ್ ಹಲ್ಲಿನ (ಒಂದು ಹಲ್ಲಿನ ಎರಡೂ ಮೂಲೆ ಕತ್ತರಿಸಿ, ಪಕ್ಕದ್ದು ಚಪ್ಪಟೆ ಇರುವ) ಬ್ಲೇಡೇ ಬೇಕು. ಎರಡು ಇಂಚಿನ ಮತ್ತಿ, ಹೊನ್ನೆ ಸೀಳುವುದಕ್ಕೂ ಇದನ್ನು ನಾನು ಹಾಕುವುದಿಲ್ಲ. ಹೋಗುತ್ತದೆ, ಆದರೆ ತಳ್ಳಿ ತಳ್ಳಿ ಕೈ ಸೋಲುತ್ತದೆ. ಅಂಥ ದಿನಕ್ಕೆ 24 ಹಲ್ಲಿನದೊಂದು ಇಟ್ಟಿದ್ದೇನೆ. ಈ 50 ಹಲ್ಲಿನದರಲ್ಲಿ ಗಾಡಿ (ಹಲಗೆಯಲ್ಲಿ ತೆಗೆಯುವ ಉದ್ದನೆಯ ಕಾಲುವೆ) ಕೊಯ್ದರೆ ತಳ ಬಹುತೇಕ ಸಮವಾಗಿ ಬರುತ್ತದೆ, ಎರಡು ಮೂಲೆಯಲ್ಲಿ ಮಾತ್ರ ಓರೆ ಹಲ್ಲಿನ ಸಣ್ಣ ಗೆರೆ ಉಳಿಯುತ್ತದೆ. ಡ್ರಾಯರಿನ ತಳದ ಹಲಗೆ ಕೂರಿಸಲು ಅದೇನೂ ಅಡ್ಡಿಯಲ್ಲ.

ಬ್ಲೇಡು ಮೊಂಡಾಯಿತು ಅಂತ ಅನಿಸಿದಾಗಲೆಲ್ಲ ಮೊದಲು ತೊಳೆದು ನೋಡಿ. ತೇಗದ ಎಣ್ಣೆ, ಪ್ಲೈವುಡ್ಡಿನ ಅಂಟು ಸೇರಿ ಹಲ್ಲಿನ ಪಕ್ಕ ಕಂದು ಜಿಡ್ಡು ಕೂತಿರುತ್ತದೆ. ನಾನು ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒರೆಸಿ, ಬಿಸಿಲಿಗಿಟ್ಟು, ತೆಳ್ಳಗೆ ಎಣ್ಣೆ ಸವರಿ ಇಡುತ್ತೇನೆ. ಮಳೆಗಾಲದಲ್ಲಿ ಎಣ್ಣೆ ತಪ್ಪಿಸಿದರೆ ಎರಡೇ ದಿನಕ್ಕೆ ತುಕ್ಕು.

ಈವರೆಗೆ ಎರಡು ಸಲ ಸಾಣೆ ಹಿಡಿಸಿದ್ದೇನೆ. ಮೊದಲ ಸಲ ಕೊಟ್ಟ ಅಂಗಡಿಯವರು ಐದನೆಯ ಹಲ್ಲನ್ನೂ ಓರೆ ಮಾಡಿ ಕೊಟ್ಟಿದ್ದರು. ಬೇರೆ ಕಡೆ ಸರಿ ಮಾಡಿಸುವಷ್ಟರಲ್ಲಿ ಒಂದು ತಿಂಗಳು ಹೋಯಿತು, ಹಲ್ಲಿನ ತುದಿಗೆ ಕೂರಿಸಿದ ಗಟ್ಟಿ ಕಾರ್ಬೈಡೂ ಸುಮ್ನೆ ಸವೆಯಿತು. ಈಗ ಕೊಡುವ ಮುಂಚೆ ಚಪ್ಪಟೆ ಹಲ್ಲುಗಳಿಗೆಲ್ಲ ಮಾರ್ಕರಿನಲ್ಲಿ ಚುಕ್ಕೆ ಇಟ್ಟು, ಎದುರಿಗೇ ತೋರಿಸಿ ಹೇಳಿ ಬರುತ್ತೇನೆ. ಹಲ್ಲಿನಲ್ಲಿ ಇನ್ನೂ ಎರಡು ಮೂರು ಸಾಣೆಗೆ ಆಗುವಷ್ಟು ದಪ್ಪ ಉಳಿದಿದೆ.