ಹಾರ್ಟ್ ಫೇಲ್ಯೂರ್ ಆದವರಿಗೆ ನರ್ಸ್ ಫೋನ್ ಫಾಲೋಅಪ್ ಸೇವೆ: ವರ್ಷ ದಾಟಿದ ಮೇಲಿನ ಅನುಭವ

ರೇಟಿಂಗ್: 5ಕ್ಕೆ 4

ಸಕಲೇಶಪುರದ ಹತ್ತಿರ ನಮ್ಮ ಊರು. ಅತ್ತೆಗೆ ಹಾರ್ಟ್ ಫೇಲ್ಯೂರ್, ಅಂದರೆ ಹೃದಯದ ಪಂಪ್ ಮಾಡುವ ಶಕ್ತಿ ಕುಂದುವ ಕಾಯಿಲೆ, ಅಂತಾಗಿ ಹಾಸನದ ಒಂದು ಖಾಸಗಿ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗ, ಅಲ್ಲಿಯವರದೇ ಫೋನ್ ಫಾಲೋಅಪ್ ಸೇವೆಗೆ ಸೇರಿಸಿದೆವು. ವರ್ಷ ಮೇಲಾಯಿತು, ಇನ್ನೂ ಬಿಟ್ಟಿಲ್ಲ. ನಾನು ಕೊಟ್ಟ ಅಂಕದಲ್ಲಿ ಬಹುಪಾಲು ಒಂದೇ ಕಾರಣಕ್ಕೆ: ಇವರ ನರ್ಸ್ ಮೊದಲು ಮನಸ್ಸು ಹೇಗಿದೆ ಅಂತ ಕೇಳುತ್ತಾರೆ, ತೂಕ ಆಮೇಲೆ.

ಏನೇನು ಮಾಡಬೇಕು ಅನ್ನುವ ಚೀಟಿ ಈ ಕಾಯಿಲೆಯವರೆಲ್ಲರ ಮನೆಯಲ್ಲೂ ಇರುತ್ತದೆ. ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿಬಂದು, ಕಾಫಿ ಕುಡಿಯುವ ಮೊದಲು ತೂಕ ನೋಡಬೇಕು. ಮೂರು ದಿನದಲ್ಲಿ 2 ಕೆಜಿಗಿಂತ ಹೆಚ್ಚು ಏರಿದರೆ ಮೈಯಲ್ಲಿ ನೀರು ನಿಂತಿದೆ ಅಂತ ಲೆಕ್ಕ, ಆಗಲೇ ತಿಳಿಸಬೇಕು. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬಾರದು, ಅಂಥ ಎಷ್ಟೋ ಮಾತ್ರೆ ಮೈಯಲ್ಲಿ ನೀರು ನಿಲ್ಲಿಸುತ್ತವೆ. ಅತ್ತೆಗೆ ಇದೆಲ್ಲ ಬಾಯಿಪಾಠ. ಆದರೆ ಹಾಸಿಗೆಯಿಂದ ಏಳುವ ಮನಸ್ಸೇ ಇಲ್ಲದವರು ತೂಕದ ಮಷಿನ್ ಹತ್ತುವುದೆಲ್ಲಿಂದ ಬಂತು? "ಇನ್ನೇನು ನೋಡೋದೈತೆ, ಬಿಡವ್ವ" ಅಂತ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು.

ಹಾರ್ಟ್ ಫೇಲ್ಯೂರ್ ಇರುವ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆಯೂ ಇರುತ್ತದೆ. ಸುಸ್ತು, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಎರಡರಲ್ಲೂ ಇರುವುದರಿಂದ ಒಂದು ಇನ್ನೊಂದರ ಹಿಂದೆ ಅಡಗಿಬಿಡುತ್ತದೆ. ಈ ಸೇವೆಯಲ್ಲಿ ತಿಂಗಳಿಗೊಮ್ಮೆ ಒಂಬತ್ತು ಪ್ರಶ್ನೆ ಕೇಳುತ್ತಾರೆ: ಹಿಂದಿನ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿತಾ, ಬದುಕಿ ಏನು ಪ್ರಯೋಜನ ಅನ್ನಿಸಿತಾ, ಹೀಗೆ. ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮನೋವೈದ್ಯರಿಗೆ ತೋರಿಸಿ ಅನ್ನುತ್ತಾರೆ. ಅತ್ತೆಗೆ ಜಾಸ್ತಿಯೇ ಬಂತು. ಮನೋವೈದ್ಯರು ಹಾರ್ಟಿನ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಡಿಸಿ ನೋಡಿಯೇ ತಮ್ಮ ಮಾತ್ರೆ ಬರೆದರು. ಖಿನ್ನತೆಗೆ ಕೊಡುವ ಕೆಲವು ಹಳೆಯ ಮಾತ್ರೆಗಳು ದುರ್ಬಲ ಹೃದಯಕ್ಕೆ ಆಗಿಬರುವುದಿಲ್ಲ, ಹಾಗಾಗಿ ಪಕ್ಕದ ಮನೆಯವರ ಚೀಟಿ ನೋಡಿ ತರುವ ಕೆಲಸ ದಯವಿಟ್ಟು ಬೇಡ.

ಮಾತ್ರೆಗಿಂತ ನನ್ನ ಕಣ್ಣಿಗೆ ಬಿದ್ದದ್ದು ನರ್ಸಮ್ಮ ಮಾತಾಡಿಸುವ ರೀತಿ. ಕಾಫಿ ಕೊಯ್ಲಿನ ಸಮಯ. ಫೋನ್ ಸ್ಪೀಕರಿಗೆ ಹಾಕಿದ್ದೆ.

"ಅಮ್ಮ, ಕಣದಲ್ಲಿ ಕಾಫಿ ಹರಡಿದ್ದಾರಾ?"

"ಹರಡವ್ರೆ ಕಣವ್ವ. ನಂಗೇನಾಗ್ಬೇಕು ಅದ್ರಿಂದ."

"ಎಷ್ಟು ಒಣಗಿದೆ ಅಂತ ನಾಳೆ ನಂಗೆ ಹೇಳ್ಬೇಕು ನೀವು. ತೂಕ ನೋಡ್ಕೊಂಡು ಸೀದಾ ಕಣಕ್ಕೆ ಹೋಗಿ ಕುರ್ಚಿ ಹಾಕ್ಕೊಂಡು ಕೂತ್ಕೊಳಿ, ಸಾಕು."

ಮಾರನೇ ದಿನ ಅತ್ತೆ ಹೋದರು. ಒಂದು ಹಿಡಿ ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ, "ಇನ್ನೂ ಸದ್ದು ಬರ್ತಿಲ್ಲ, ಎರಡು ಬಿಸಿಲು ಬೇಕು" ಅಂತ ಆಳುಗಳಿಗೆ ಹೇಳಿದರು. ಎಷ್ಟೋ ದಿನದ ಮೇಲೆ ಅವರ ಬಾಯಲ್ಲಿ ಕೆಲಸದ ಮಾತು ಕೇಳಿ ನನಗೆ ಅಳು ಬಂತು.

ಮನಸ್ಸು ತಿಳಿಯಾದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಅಂತ ಮಾತ್ರ ತಿಳಿಯಬೇಡಿ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹಾರ್ಟ್ ಫೇಲ್ಯೂರ್ ಜೊತೆಗೆ ಖಿನ್ನತೆಯೂ ಇದ್ದ 158 ರೋಗಿಗಳಿದ್ದರು. ಆಪ್ತಸಮಾಲೋಚನೆಯ ಚಿಕಿತ್ಸೆಯಿಂದ ಖಿನ್ನತೆ ಇಳಿಯಿತು, ತಮ್ಮ ಆರೈಕೆ ತಾವು ಮಾಡಿಕೊಳ್ಳುವುದು ಮಾತ್ರ ಸುಧಾರಿಸಲಿಲ್ಲ. ನಮ್ಮ ಮನೆಯಲ್ಲೂ ಅದೇ. ಅತ್ತೆ ನಗಲು ಶುರುಮಾಡಿದ ಮೇಲೂ ಮಿಡಿ ಉಪ್ಪಿನಕಾಯಿ ಜಾಡಿ ಕೆಳಗಿಳಿಯುತ್ತಲೇ ಇತ್ತು. ನರ್ಸಮ್ಮ ಎರಡನ್ನೂ ಬಿಡದೆ ಹಿಡಿದರು. ಸಾರಿಗೆ ಉಪ್ಪು ಹಾಕುವ ಮೊದಲೇ ಅತ್ತೆಯ ಪಾಲು ಎತ್ತಿಟ್ಟು, ಅದಕ್ಕೆ ನಿಂಬೆಹುಳಿ, ಬೆಳ್ಳುಳ್ಳಿ ಒಗ್ಗರಣೆ ಜಾಸ್ತಿ ಹಾಕಲು ಹೇಳಿಕೊಟ್ಟರು. ಅಂಗಡಿಯ ಲೋ ಸೋಡಿಯಂ ಉಪ್ಪು ತರುತ್ತೇನೆ ಅಂದಾಗ ತಡೆದದ್ದೂ ಅವರೇ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಹಾರ್ಟಿನ ಕೆಲವು ಮಾತ್ರೆಗಳ ಜೊತೆ ಸೇರಿದರೆ ಅಪಾಯ.

ದೀಪಾವಳಿ ಕಳೆದ ಮೇಲೆ ತೂಕ ಏರಿತು. ಕಾಲಿನ ಮೇಲೆ ಬೆರಳೊತ್ತಿದರೆ ಗುಂಡಿ ಬೀಳುತ್ತಿದೆಯಾ, ರಾತ್ರಿ ಉಸಿರಾಡಲು ಎಷ್ಟು ದಿಂಬು ಬೇಕಾಯಿತು ಅಂತ ನರ್ಸಮ್ಮ ಕೇಳಿ, ಆವತ್ತೇ ಡಾಕ್ಟರ ಹತ್ತಿರ ಮಾತಾಡಿ ಮೈಯ ನೀರು ಇಳಿಸುವ ಮಾತ್ರೆ ಸರಿಮಾಡಿಸಿದರು. ಅಡ್ಮಿಟ್ ಆಗುವುದು ತಪ್ಪಿತು.

2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ಟಿವಿಯಲ್ಲಿ ಬಿಡದೆ ಬರುತ್ತಿದ್ದಾಗ ಅತ್ತೆ ಮತ್ತೆ ಊಟ ಬಿಟ್ಟರು. ಹೃದಯಾಘಾತ ಅಂದರೆ ರಕ್ತನಾಳ ಕಟ್ಟಿಕೊಳ್ಳುವುದು, ನಿಮ್ಮದು ಪಂಪ್ ಮಾಡುವ ಶಕ್ತಿ ಕುಂದಿರುವುದು, ನಿಮಗೆ ಔಷಧಿ ನಡೀತಿದೆ ಅಂತ ನರ್ಸಮ್ಮ ತಾಳ್ಮೆಯಿಂದ ಬಿಡಿಸಿ ಹೇಳಿದರು. ಟಿವಿ ಆಫ್ ಮಾಡಿಸಿದರು ಕೂಡ.

ಒಂದು ಅಂಕ ಕಡಿದದ್ದು ಏಕೆಂದರೆ: ಆ್ಯಪ್ ಪೂರ್ತಿ ಇಂಗ್ಲಿಷಿನಲ್ಲಿದೆ, ಅತ್ತೆ ಕೈಯಲ್ಲಿ ಆಗುವುದಿಲ್ಲ, ಕ್ಯಾಲೆಂಡರಿನಲ್ಲೇ ತೂಕ ಬರೆಯುತ್ತೇವೆ. ಡಯಟ್ ಪಟ್ಟಿಯಲ್ಲಿ ಓಟ್ಸ್ ಇದೆ, ಮುದ್ದೆ, ಅಕ್ಕಿ ರೊಟ್ಟಿ, ಕಡುಬಿನ ಸುದ್ದಿಯೇ ಇಲ್ಲ. ನಡುವೆ ಹೇಳದೆ ಕೇಳದೆ ನರ್ಸನ್ನು ಬದಲಾಯಿಸಿದರು. ಹೊಸಬರ ಹತ್ತಿರ ಅತ್ತೆ ಬಾಯಿ ಬಿಡಲೇ ಇಲ್ಲ, ಜಗಳ ಮಾಡಿ ಹಳಬರನ್ನೇ ಕೊಡಿಸಿಕೊಂಡೆ. ಭಾನುವಾರ ಮತ್ತು ರಾತ್ರಿ ಸೇವೆ ಇಲ್ಲ. ಉಸಿರು ಕಟ್ಟಿದರೆ ಯಾರ ಫೋನಿಗೂ ಕಾಯದೆ 108ಕ್ಕೆ ಕರೆ ಮಾಡಿ. ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ ಟೆಲಿ ಮಾನಸ್ 14416 ಇದೆ. 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ಶುಲ್ಕ ತಿಂಗಳಿಗೆ ಒಂದು ಸಲ ಹಾಸನಕ್ಕೆ ಕಾರು ಮಾಡಿಕೊಂಡು ಹೋಗಿಬರುವ ಖರ್ಚಿಗಿಂತ ಕಡಿಮೆ ಬೀಳುತ್ತದೆ. ಇಂಥ ಸೇವೆ ಯಾರದ್ದೇ ಇರಲಿ, ದುಡ್ಡು ಕಟ್ಟುವ ಮುಂಚೆ ಎರಡು ಮಾತು ಕೇಳಿ: ಪ್ರತಿ ಸಲ ಒಬ್ಬರೇ ನರ್ಸ್ ಮಾತಾಡುತ್ತಾರಾ, ಖಿನ್ನತೆಯ ಪ್ರಶ್ನೆಗಳನ್ನು ಕೇಳುತ್ತಾರಾ. ಎರಡನೆಯದಕ್ಕೆ ಇಲ್ಲ ಅಂದರೆ ಬೇರೆ ಕಡೆ ವಿಚಾರಿಸಿ.